ಹೆಲ್ತ್ ಚೆಕರ್ ಜೊತೆ ಆರು ವರ್ಷದ ರಾತ್ರಿ ಪಾಳಿ

ಬಳ್ಳಾರಿಯ ಕೌಲ್ ಬಜಾರಿನ ಮನೆಯಲ್ಲಿ ಕುಳಿತು, ದೂರದ ಊರಿನ ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಭಾರೀ ಕಂಪ್ಯೂಟರ್) ಒಂದನ್ನು ಆರು ವರ್ಷದಿಂದ ಕಾಯುತ್ತಿದ್ದೇನೆ. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಝಡ್/ಓಎಸ್ ಜೊತೆಗೇ ಬರುವ, ಯಂತ್ರವನ್ನು ಆಗಾಗ ತಪಾಸಣೆ ಮಾಡಿ ಎಚ್ಚರಿಸುವ ಐಬಿಎಂ ಹೆಲ್ತ್ ಚೆಕರ್ ನನ್ನ ಪಾಳಿಯ ಜೊತೆಗಾರ. ಇದಕ್ಕೆಂದು ಬೇರೆ ದುಡ್ಡಿಲ್ಲ. 2.1ನೇ ಆವೃತ್ತಿಯಿಂದ ಈಚೆಗೆ ಐಪಿಎಲ್, ಅಂದರೆ ಯಂತ್ರವನ್ನು ಮತ್ತೆ ಶುರು ಮಾಡುವುದು, ಆದಾಗ ತಾನೇ ಏಳುತ್ತದೆ.

ಮೊದಮೊದಲು ಪ್ರತಿ ಎಚ್ಚರಿಕೆಗೂ ಎದ್ದು ಓಡುತ್ತಿದ್ದೆ. ಎಚ್‌ಝಡ್‌ಎಸ್0001ಐ ಎಂಬ ಸಂದೇಶ ಬಂದರೆ ಬೆಳಗಿನವರೆಗೆ ತಡೆಯಬಹುದು, 0002ಇ ಮಧ್ಯಮ, 0003ಇ ಬಂದರೆ ಚಹಾ ಅಲ್ಲೇ ಬಿಡಬೇಕು ಎಂಬುದು ಆಮೇಲೆ ತಿಳಿಯಿತು.

ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಎರಡು ಗಂಟೆ. ಪಕ್ಕದ ಮನೆಯ ಜೀನ್ಸ್ ಹೊಲಿಯುವ ಯಂತ್ರಗಳೂ ನಿಂತಿದ್ದವು. ವಿಎಸ್‌ಎಂ_ಸಿಎಸ್‌ಎ_ಥ್ರೆಶೋಲ್ಡ್ ಎಂಬ ಮೆಮೊರಿ ತಪಾಸಣೆ ಕೂಗಿತು. ಯಂತ್ರದ ಕೆಲಸಗಳನ್ನು ನೋಡುವ ಎಸ್‌ಡಿಎಸ್‌ಎಫ್‌ನಲ್ಲಿ ಸಿಕೆ (ತಪಾಸಣೆಗಳ ಪಟ್ಟಿ) ಒತ್ತಿ ವಿವರ ತೆರೆದೆ. ಎಲ್ಲ ಕೆಲಸಗಳೂ ಹಂಚಿಕೊಳ್ಳುವ ಮೆಮೊರಿ, ನಾವು ಇಟ್ಟಿದ್ದ ಶೇ 80ರ ಗಡಿ ದಾಟಿತ್ತು. ತಿಂದವರು ಯಾರೆಂಬುದು ಅಲ್ಲಿರಲಿಲ್ಲ. ನೀರಿಗೆಂದು ಎದ್ದ ಅವ್ವ, “ಮತ್ತೆ ನಿನ್ನ ಯಂತ್ರಕ್ಕೆ ಜ್ವರ ಬಂತೇನಪ್ಪ?” ಎಂದಳು. ಸರಿಯಾದ ಮಾತು. ಜ್ವರ ಎಷ್ಟಿದೆ ಎಂದು ಹೆಲ್ತ್ ಚೆಕರ್ ಹೇಳುತ್ತದೆ, ಯಾವುದರಿಂದ ಎಂದು ಹೇಳುವುದಿಲ್ಲ.

ಯಂತ್ರದ ದಿನಚರಿಯಾದ ಸಿಸ್‌ಲಾಗ್ ಅನ್ನು ಹಿಂದಕ್ಕೆ ಓದುತ್ತಾ ಹೋದೆ. ಒಂದೇ ಹೆಸರು: ಐಇಎಫ್403ಐ, ಶುರುವಾಯಿತು, ಐಇಎಫ್450ಐ, ಅಬೆಂಡ್ (ಅರ್ಧದಲ್ಲೇ ಬಿತ್ತು). ಮತ್ತೆ ಶುರು, ಮತ್ತೆ ಅಬೆಂಡ್. ಹೊರಗಿನಿಂದ ತಂದ ಒಂದು ತಂತ್ರಾಂಶ ಬೀಳುತ್ತಿತ್ತು, ನಮ್ಮದೇ ಆಟೊಮೇಷನ್ ನಿಷ್ಠೆಯಿಂದ ಎಬ್ಬಿಸುತ್ತಿತ್ತು. ಬಿದ್ದಾಗಲೆಲ್ಲ ಪಡೆದ ಮೆಮೊರಿಯನ್ನು ಮರಳಿಸದೆ ಹೋಗುತ್ತಿತ್ತು. ಯಾರು ಎಷ್ಟು ಮೆಮೊರಿ ಪಡೆದರೆಂದು ಬರೆದಿಡುವ ವಿಎಸ್‌ಎಂ ಟ್ರ್ಯಾಕ್ ಮೊದಲೇ ಆನ್ ಇದ್ದುದರಿಂದ, ಸತ್ತ ಟಾಸ್ಕ್‌ಗಳ ಹೆಸರಿನಲ್ಲಿ ಉಳಿದ ಬಾಕಿ, ಬಳಕೆಯನ್ನು ಅಳೆಯುವ ಆರ್‌ಎಂಎಫ್‌ನ ವರದಿಯಲ್ಲಿ ಸಿಕ್ಕಿತು. ಎಬ್ಬಿಸುವುದನ್ನು ನಿಲ್ಲಿಸಿದೆ. ಕಳೆದುಹೋದ ಮೆಮೊರಿ ಮರಳಿದ್ದು ಭಾನುವಾರದ ಐಪಿಎಲ್‌ನಲ್ಲಿಯೇ.

ನನ್ನ ದೊಡ್ಡ ತಕರಾರು ಒಂದೇ. ತಪಾಸಣೆ ಮತ್ತೆ ಓಡಿದರೆ ಹಿಂದಿನ ಸಲದ ವಿವರ ಅಳಿದು ಹೊಸದು ಕೂರುತ್ತದೆ. ಹಳೆಯ ವಿವರಗಳನ್ನು ಉಳಿಸಿಡುವ ಲಾಗ್ ಸ್ಟ್ರೀಮ್ ಜೋಡಿಸದಿದ್ದರೆ ನಿನ್ನೆಯದು ಕೈಗೆ ಸಿಗುವುದಿಲ್ಲ. ಎರಡು ವರ್ಷ ನಾವು ಜೋಡಿಸಿರಲಿಲ್ಲ, ಆ ಸೋಮಾರಿತನ ನಮ್ಮದು. ಗದ್ದಲ ತಾಳದೆ ತಪಾಸಣೆಗಳನ್ನೇ ಇನ್‌ಆಕ್ಟಿವ್ ಮಾಡಿದ್ದವರೂ ನಮ್ಮಲ್ಲಿದ್ದರು. ಅವರು ಮುಚ್ಚಿದ ಹನ್ನೊಂದರಲ್ಲಿ ಏಳನ್ನು ತೆರೆದಿದ್ದೇನೆ, ನಾಲ್ಕು ಬಾಕಿ ಇವೆ.