ಜೀಪಿನೊಳಗಿನ ಸದ್ದು ಇಳಿಸಲು ಡ್ಯಾಂಪಿಂಗ್ ಶೀಟ್, ಕಪ್ಪು ಫೋಮ್, ಹಸುವಿನ ಮ್ಯಾಟ್: ಮೂರನ್ನೂ ಹಾಕಿ ನೋಡಿದೆ

ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಹೋದ ವರ್ಷ ಅಪ್ಪನಿಗೆ ಕಿವಿ ತೋರಿಸೋಣ ಅಂತ ಜೀಪಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಇಬ್ಬರೂ ಒಂದು ಮಾತು ಆಡಲಿಲ್ಲ. ನಾನು ಆಡಿದ್ದು ಅವರಿಗೆ ಕೇಳುತ್ತಿರಲಿಲ್ಲ, ಅವರು ಆಡಿದ್ದು ನನಗೂ ಕೇಳುತ್ತಿರಲಿಲ್ಲ. ಡಾಕ್ಟರು ಪರೀಕ್ಷೆಯ ಗ್ರಾಫ್ ಮುಂದಿಟ್ಟು, 4,000 ಹರ್ಟ್ಜ್ ಹತ್ತಿರ ಗೆರೆ ಹಳ್ಳಕ್ಕೆ ಬಿದ್ದಂತೆ ಇಳಿದಿದ್ದನ್ನು ಬೆರಳಿಟ್ಟು ತೋರಿಸಿದರು. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ದುಡಿದವರ ಕಿವಿ ಮೊದಲು ಕೆಡುವುದು ಸಾಮಾನ್ಯವಾಗಿ ಅಲ್ಲೇ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಕಳೆ ಹೊಡೆಯುವ ಮಿಷನ್, ಅದರ ಮೇಲೆ ದಿನವೂ ಜೀಪು. ವಾಪಸ್ ಬರುವಾಗಲೇ ತೀರ್ಮಾನ ಮಾಡಿದೆ, ಈ ಗಾಡಿಯ ಸದ್ದು ಇಳಿಸಲೇಬೇಕು.

ನಮ್ಮದು ಹಳೇ ಥಾರ್, 2.5 ಲೀಟರ್ ಸಿಆರ್‌ಡಿಇ ಡೀಸೆಲ್, ಕ್ಯಾನ್ವಾಸ್ ಟಾಪ್. ತೋಟದ ದಾರಿಗೆ ಇಂಥ ಗಾಡಿ ಇನ್ನೊಂದಿಲ್ಲ. ಆದರೆ ಹೈವೇಗೆ ಹತ್ತಿ 70ಕ್ಕೆ ಹೋದರೆ ಎಂಜಿನ್, ಗೇರ್, ಗಾಳಿ, ಟಯರ್ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ. ಒಂದು ವರ್ಷದಲ್ಲಿ ನಾಲ್ಕೈದು ಉಪಾಯ ಮಾಡಿದೆ. ಯಾವುದು ಎಷ್ಟು ಕೆಲಸ ಮಾಡಿತು, ಎಲ್ಲಿ ದುಡ್ಡು ಸುಮ್ನೆ ಹೋಯಿತು ಅಂತ ಬರೆಯುತ್ತಿದ್ದೇನೆ. ಬೊಲೆರೊ, ಮೇಜರ್, ಜಿಪ್ಸಿ ಇಟ್ಟುಕೊಂಡವರಿಗೂ ಇದು ಹೊಂದುತ್ತದೆ.

ಅಳತೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಸಲವೂ ಹೈವೇಯ ಅದೇ ಎರಡು ಕಿಲೋಮೀಟರ್, ಅದೇ 70 ವೇಗ, ಅದೇ ಗೇರ್. ಫೋನು ಪಕ್ಕದ ಸೀಟಿನಲ್ಲಿ ಕೂತವರ ಕಿವಿಯ ಹತ್ತಿರ. ಐಫೋನ್ ಇದ್ದವರಿಗೆ ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯಾಷ್ (NIOSH) ಸಂಸ್ಥೆಯವರ ಸೌಂಡ್ ಲೆವೆಲ್ ಮೀಟರ್ ಆಪ್ ಉಚಿತವಾಗಿ ಸಿಗುತ್ತದೆ, ನಾನು ತಂಗಿಯ ಫೋನಿನಲ್ಲಿ ಅದನ್ನೇ ಬಳಸಿದೆ. ಫೋನಿನ ಅಂಕಿಯನ್ನು ಪೂರ್ತಿ ನಂಬಬೇಡಿ, ಮೊದಲಿಗೂ ಆಮೇಲಿಗೂ ಎಷ್ಟು ವ್ಯತ್ಯಾಸ ಬಂತು ಅನ್ನುವುದನ್ನು ನೋಡಿ. ಏನೂ ಮಾಡದ ಗಾಡಿಯಲ್ಲಿ ನನಗೆ ಬಂದದ್ದು 87 ಡೆಸಿಬಲ್. ಅದೇ ನಯಾಷ್ ಲೆಕ್ಕದಲ್ಲಿ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು, 3 ಡೆಸಿಬಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಅಂದರೆ 88ಕ್ಕೆ ನಾಲ್ಕೇ ಗಂಟೆ.

ಮೊದಲು ಹಾಕಿಸಿದ್ದು ಡ್ಯಾಂಪಿಂಗ್ ಶೀಟ್. ಬ್ಯುಟೈಲ್ ರಬ್ಬರಿನ ಮೇಲೆ ಅಲ್ಯುಮಿನಿಯಂ ಹಾಳೆ ಇರುವ, ಹಿಂದಿನ ಕಾಗದ ಸುಲಿದು ಅಂಟಿಸುವಂಥದ್ದು. ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಇದರ ವ್ಯಾಪಾರ ಜೋರು. ನಾನು ಹೋದ ಅಂಗಡಿಯವರು ನೆಲಕ್ಕೆಲ್ಲ ಅಂಟಿಸಿಬಿಟ್ಟರೆ ಕಾರಿನ ಹಾಗೆ ಆಗುತ್ತದೆ ಅಂದರು. ಕೂಲಿ ಸೇರಿ ₹11,000 ಆಯಿತು. ವಾಪಸ್ ಬಂದು ಅಳೆದರೆ 86. ಒಂದೇ ಒಂದು ಡೆಸಿಬಲ್. ಅದೂ ಶೀಟಿನಿಂದ ಇಳಿಯಿತೋ, ಆ ದಿನ ಗಾಳಿ ಕಡಿಮೆ ಇತ್ತೋ ಹೇಳಲಾರೆ.

ಶೀಟಿನ ತಪ್ಪಲ್ಲ ಅಂತ ಆಮೇಲೆ ಗೊತ್ತಾಯಿತು. ಈ ಶೀಟು ಸದ್ದನ್ನು ತಡೆಯುವುದಿಲ್ಲ, ತಗಡು ನಡುಗುವುದನ್ನು ನಿಲ್ಲಿಸುತ್ತದೆ. ಅದರ ಕೆಲಸ ಅಷ್ಟೇ. ಬಾಗಿಲನ್ನು ಗೆಣ್ಣಿನಿಂದ ಕುಟ್ಟಿ ನೋಡಿ, 'ಟಣ್' ಅಂದರೆ ಅಲ್ಲಿ ಶೀಟಿಗೆ ಕೆಲಸವಿದೆ, 'ದಬ್' ಅಂದರೆ ಇಲ್ಲ. ಥಾರ್‌ನ ನೆಲದಲ್ಲಿ ಮಡಿಕೆಗಳಿವೆ, ಗಟ್ಟಿಯಾಗಿದೆ, ಕುಟ್ಟಿದರೆ ಮೊದಲೇ 'ದಬ್' ಅನ್ನುತ್ತಿತ್ತು. ಬಾಗಿಲು ಮಾತ್ರ ಎಣ್ಣೆ ಡಬ್ಬದ ಹಾಗೆ ಟಣಗುಡುತ್ತಿತ್ತು. ಅಂಗಡಿಯಲ್ಲಿ ಉಳಿದಿದ್ದ ತುಂಡುಗಳನ್ನು ತಂದು ಬಾಗಿಲೊಳಗೆ ನಾನೇ ಅಂಟಿಸಿದೆ. ಪೂರ್ತಿ ಮುಚ್ಚುವ ಅಗತ್ಯ ಇಲ್ಲ. ನಡುಭಾಗದಲ್ಲಿ ಅರ್ಧದಷ್ಟು ಜಾಗಕ್ಕೆ ಹಾಕಿದರೂ ನಡುಕ ಬಹಳಷ್ಟು ನಿಲ್ಲುತ್ತದೆ. ಬಾಗಿಲು ಹಾಕಿದಾಗ ಬರುವ ಸದ್ದೇ ಬದಲಾಯಿತು. ಆದರೆ ಮೀಟರ್ ಕದಲಲಿಲ್ಲ.

ಎರಡನೆಯದು ಕಪ್ಪು ಫೋಮ್. ಕಾರ್ ಅಂಗಡಿಯಲ್ಲಿ ದುಬಾರಿ. ಎಸಿ ಕೆಲಸದವರು ಪೈಪಿಗೆ, ಡಕ್ಟಿಗೆ ಸುತ್ತುತ್ತಾರಲ್ಲ, ಆ ನೈಟ್ರೈಲ್ ರಬ್ಬರ್ ಫೋಮೂ ಹೆಚ್ಚೂಕಡಿಮೆ ಅದೇ ವಸ್ತು. ಹಾಸನದ ಎಸಿ ಸಾಮಾನಿನ ಅಂಗಡಿಯಲ್ಲಿ 13 ಮಿಲಿಮೀಟರ್ ದಪ್ಪದ್ದು ಮೀಟರ್ ಲೆಕ್ಕದಲ್ಲಿ ತಂದೆ. ಎಂಜಿನ್‌ಗೂ ನಮ್ಮ ಕಾಲಿಗೂ ನಡುವೆ ಇರುವ ತಗಡಿನ ಗೋಡೆಗೆ ಒಳಗಿನಿಂದ ಅಂಟಿಸಿದೆ. ಬಾನೆಟ್ ಕೆಳಗೆ ಮೇಲ್ಮೈಗೆ ಫಾಯಿಲ್ ಇರುವುದನ್ನೇ ಹಾಕಿದೆ, ಬಿಸಿ ತಡೆಯಬೇಕಲ್ಲ. ಎಕ್ಸಾಸ್ಟ್ ಹತ್ತಿರ ಒಂದು ಗೇಣು ಬಿಟ್ಟೆ. ಇದರಿಂದ 85ಕ್ಕೆ ಬಂತು. ಇಂಜೆಕ್ಟರಿನ ಟಕಟಕ ಮೆತ್ತಗಾಯಿತು, ಕಾಲಿಗೆ ಬಡಿಯುತ್ತಿದ್ದ ಬಿಸಿಯೂ ಇಳಿಯಿತು. ಆದರೆ 'ಗುಂ' ಅನ್ನುವ ದಪ್ಪ ಸದ್ದು ಹಾಗೇ ಇತ್ತು. ಅದು ಹೋಗುವುದೂ ಇಲ್ಲ. ನಾಲ್ಕು ಸಿಲಿಂಡರ್ ಎಂಜಿನ್ 2,000 ಸುತ್ತಿನಲ್ಲಿದ್ದಾಗ ಸೆಕೆಂಡಿಗೆ ಸುಮಾರು 67 ಸಲ ಹೊಡೆಯುತ್ತದೆ. ಆ ಸದ್ದಿನ ಒಂದು ಅಲೆಯೇ ಐದು ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಬೆರಳು ದಪ್ಪದ ಫೋಮು ಲೆಕ್ಕಕ್ಕೇ ಇಲ್ಲ.

ಫೋಮ್ ತರುವವರಿಗೆ ಒಂದು ಮಾತು. ಹಾಸಿಗೆಗೆ ಹಾಕುವ ಹಳದಿ ಸ್ಪಂಜು ಮಾತ್ರ ಬೇಡ. ನೀರು ಕುಡಿಯುತ್ತದೆ, ನಮ್ಮ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ. ಬೆಂಕಿಯೂ ಬೇಗ ಹತ್ತುತ್ತದೆ. ಚಾವಣಿ ಸೋರದಂತೆ ಹಾಕುವ ಡಾಂಬರು ಹಾಳೆಯನ್ನೂ ಕೆಲವರು ಅಗ್ಗ ಅಂತ ಅಂಟಿಸುತ್ತಾರೆ. ನನ್ನ ಸ್ನೇಹಿತ ಅಂಟಿಸಿದ್ದ. ಏಪ್ರಿಲ್ ಬಿಸಿಲಿಗೆ ಅದು ಕರಗಿ ಜಾರಿ, ಗಾಡಿಯೊಳಗೆಲ್ಲ ರಸ್ತೆ ಹಾಕುವಾಗಿನ ವಾಸನೆ.

ಆಟ ಬದಲಾಗಿದ್ದು ಒಂದು ರಾತ್ರಿ. ಕರೆಂಟ್ ಹೋಗಿತ್ತು. ಶೆಡ್ಡಿನಲ್ಲಿ ಜೀಪಿನೊಳಗೆ ಚಾರ್ಜರ್ ಲೈಟ್ ಇಟ್ಟು ಬೀಡಿಂಗ್, ಅಂದರೆ ಬಾಗಿಲಿನ ಅಂಚಿಗೆ ಹಾಕುವ ರಬ್ಬರ್ ಪಟ್ಟಿ, ಹುಡುಕುತ್ತಿದ್ದೆ. ಕೆಳಗೆ ಬಿದ್ದ ಸ್ಕ್ರೂ ಎತ್ತಿಕೊಳ್ಳಲು ಹೊರಗೆ ಬಂದು ಬಗ್ಗಿದರೆ ಗಾಡಿಯ ಹೊಟ್ಟೆಯ ಕೆಳಗೆಲ್ಲ ಬೆಳಕು. ಗೇರ್ ಲಿವರಿನ ರಬ್ಬರ್ ಬೂಟು ಹರಿದು ಅಲ್ಲೊಂದು ಅಂಗೈಯಗಲದ ಬೆಳಕು, ಫೋರ್ ವೀಲ್ ಲಿವರಿನ ಸುತ್ತ ಒಂದು ಉಂಗುರ, ವೈರಿನ ಕಟ್ಟು ಒಳಗೆ ಬರುವ ತೂತಿನಲ್ಲಿ ಒಂದು ಚುಕ್ಕೆ, ಬಾಗಿಲಿನ ಕೆಳ ಅಂಚಿನಲ್ಲಿ ಉದ್ದಕ್ಕೊಂದು ಗೆರೆ. ಒಂದು ನಿಮಿಷ ಹಾಗೇ ಕೂತು ನೋಡಿದೆ. ಇಷ್ಟು ಕಿಂಡಿ ಇಟ್ಟುಕೊಂಡು ಹನ್ನೊಂದು ಸಾವಿರದ ಶೀಟು ಹಾಕಿಸಿದ್ದೆ. ಬೆಳಕು ಹೊರಗೆ ಬರುವ ಕಡೆಯಲ್ಲೆಲ್ಲ ಸದ್ದು ಒಳಗೆ ಬರುತ್ತದೆ. ಗೋಡೆಯಲ್ಲಿ ನೂರಕ್ಕೆ ಒಂದು ಭಾಗ ತೂತಿದ್ದರೆ ಉಳಿದ 99 ಭಾಗ ಎಷ್ಟೇ ಗಟ್ಟಿಯಿರಲಿ, ಒಟ್ಟು 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲು ಆಗುವುದಿಲ್ಲ. ಇದು ಶಬ್ದಶಾಸ್ತ್ರದ ಸರಳ ಲೆಕ್ಕ, ಯಾವ ಅಂಗಡಿಯಲ್ಲೂ ನನಗೆ ಇದನ್ನು ಹೇಳಲಿಲ್ಲ.

ಮರುದಿನದಿಂದ ಸಂದು ಮುಚ್ಚುವ ಕೆಲಸ. ಎರಡೂ ಲಿವರಿಗೆ ಹೊಸ ಬೂಟು, ವೈರಿನ ತೂತಿಗೆ ರಬ್ಬರ್ ಬಳೆ (ಗ್ರಾಮೆಟ್), ಅದರ ಸುತ್ತ ಸೀಲೆಂಟ್. ಬಾಗಿಲಿಗೆ 'ಡಿ' ಆಕಾರದ ಟೊಳ್ಳು ಬೀಡಿಂಗ್. ಬೀಡಿಂಗ್ ಸರಿಯಾಗಿ ಕೂತಿದೆಯಾ ಅಂತ ನೋಡಲು ಹತ್ತರ ನೋಟು ಸಾಕು. ನೋಟನ್ನು ಅಂಚಿನಲ್ಲಿಟ್ಟು ಬಾಗಿಲು ಹಾಕಿ, ಎಳೆಯಿರಿ. ಸುಮ್ಮನೆ ಜಾರಿ ಬಂದರೆ ಅಲ್ಲಿ ಸಂದು ಇದೆ, ಹಿಡಿದು ಬಂದರೆ ಸರಿ. ನನ್ನ ಬಾಗಿಲಿನ ಹಿಂದಿನ ಮೂಲೆಯಲ್ಲಿ ಮೂರು ಸಲ ಜಾರಿತು, ಕೊಂಡಿ ಸ್ವಲ್ಪ ಒಳಗೆ ಸರಿಸಿದ ಮೇಲೆ ಹಿಡಿಯಿತು. ಒಟ್ಟು ಖರ್ಚು ₹1,800ರ ಒಳಗೆ, ಎರಡು ಭಾನುವಾರದ ಕೆಲಸ. ಮೀಟರ್ 82 ತೋರಿಸಿತು. ದುಬಾರಿ ಶೀಟು ಮಾಡದ ಕೆಲಸವನ್ನು ಹರಿದ ಬೂಟು ಬದಲಿಸಿದ್ದು ಮಾಡಿತು. ಧೂಳು ಒಳಗೆ ಬರುವುದೂ ನಿಂತಿತು, ಅದೂ ಅದೇ ದಾರಿಯಲ್ಲೇ ಬರುತ್ತಿತ್ತು ನೋಡಿ. ಬಾಗಿಲಿನ ಅಡಿಯಲ್ಲಿ, ನೆಲದಲ್ಲಿ ನೀರು ಹೋಗಲು ಕಂಪನಿಯವರೇ ಬಿಟ್ಟ ತೂತುಗಳಿರುತ್ತವೆ. ಬಾಗಿಲಿನದ್ದನ್ನು ಮುಚ್ಚಲೇಬೇಡಿ, ನೆಲದ್ದಕ್ಕೆ ತೆಗೆದು ಹಾಕುವಂಥ ರಬ್ಬರ್ ಬಿರಡೆ ಹಾಕಿ.

ಆಮೇಲೆ ಹಸುವಿನ ಮ್ಯಾಟ್. ಕೊಟ್ಟಿಗೆಯಲ್ಲಿ ಹಾಸುವ ದಪ್ಪ ರಬ್ಬರ್ ಮ್ಯಾಟ್ ಎಲ್ಲರಿಗೂ ಗೊತ್ತಲ್ವಾ. ಹೊರಗಿನ ಸದ್ದು ತಡೆಯಲು ತೂಕ ಬೇಕು, ತೂಕ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಜಾಸ್ತಿ ತಡೆಯುತ್ತದೆ ಅನ್ನುವುದು ಲೆಕ್ಕ. ಅದಕ್ಕೇ ಅಂತ ವಿದೇಶದ ವಿನೈಲ್ ಹಾಳೆ ಸಿಗುತ್ತದೆ, ಚದರ ಮೀಟರಿಗೆ ಐದು ಕಿಲೋ ಇರುವಂಥದ್ದು. ಅದರ ಬೆಲೆ ಕೇಳಿ ಸುಮ್ಮನಾದೆ. ಕೊಟ್ಟಿಗೆಯ ಮ್ಯಾಟ್ ಅದರ ಮೂರು ನಾಲ್ಕು ಪಟ್ಟು ತೂಕ, ನನಗೆ ₹2,400ಕ್ಕೆ ಸಿಕ್ಕಿತು. ಕೆಳಗೆ ತೆಳ್ಳನೆಯ ಕಪ್ಪು ಫೋಮ್, ಅದರ ಮೇಲೆ ಮ್ಯಾಟ್. ನಡುವೆ ಮೆತ್ತನೆಯ ಪದರ ಇದ್ದರೆ ನೆಲದ ನಡುಕ ಮ್ಯಾಟಿಗೆ ದಾಟುವುದು ಕಡಿಮೆ. ಕತ್ತರಿಸುವುದೇ ಕಷ್ಟ. ಕತ್ತಿ ಸೋಪಿನ ನೀರಲ್ಲಿ ಅದ್ದಿ ಅದ್ದಿ ಕೊಯ್ಯಬೇಕಾಯಿತು. ಪೆಡಲ್‌ಗಳ ಕೆಳಗೆ ಮಾತ್ರ ಹಾಕಬಾರದು. ನಾನು ಮೊದಲು ಹಾಕಿದಾಗ ಕ್ಲಚ್ ಪೂರ್ತಿ ಒಳಗೆ ಹೋಗಲಿಲ್ಲ, ಶೆಡ್ಡಿನಲ್ಲೇ ಗೊತ್ತಾಗಿ ಒಂದು ಅಡಿಯಷ್ಟು ಕತ್ತರಿಸಿ ತೆಗೆದೆ. ದಯವಿಟ್ಟು ಇದನ್ನು ರಸ್ತೆಗಿಳಿಯುವ ಮೊದಲೇ ನೋಡಿಕೊಳ್ಳಿ. ಅಳತೆ 80ಕ್ಕೆ ಇಳಿಯಿತು. ಗೇರ್ ಬಾಕ್ಸಿನ ಕೊರಗು ಬಹಳ ಹಿಂದೆ ಸರಿಯಿತು. ಹೊಸತರಲ್ಲಿ ರಬ್ಬರ್ ವಾಸನೆ ಬರುತ್ತದೆ, ನಾಲ್ಕು ದಿನ ಬಿಸಿಲಿಗೆ ಹಾಕಿ ಆಮೇಲೆ ಗಾಡಿಗೆ ಹಾಕಿದರೆ ಒಳ್ಳೆಯದು.

ಉಳಿದದ್ದು ತಲೆಯ ಮೇಲಿನದ್ದು. ಕ್ಯಾನ್ವಾಸ್‌ಗೆ ತೂಕ ಇಲ್ಲ, ಗಾಳಿಗೆ ಪಟಪಟ ಅನ್ನುತ್ತದೆ. ಅದಕ್ಕೆ ಯಾವ ಉಪಾಯವೂ ಇಲ್ಲ. ತಗಡಿನ ಹಾರ್ಡ್ ಟಾಪ್ ಮಾಡಿಸಿದೆ. ಮಾಡಿಸುವವರು ಆರ್‌ಸಿ ವಿಷಯ ಮೊದಲೇ ಆರ್‌ಟಿಓದಲ್ಲಿ ಕೇಳಿಕೊಳ್ಳಿ. ಹಾಕಿದ ಮೊದಲ ದಿನ ನಿರಾಸೆ ಆಯಿತು. ಪಟಪಟ ಹೋಯಿತು, ಆದರೆ ಚಾವಣಿ ತಮಟೆಯ ಹಾಗೆ ಗುಂಯ್‌ಗುಡುತ್ತಿತ್ತು, ಮಳೆ ಬಂದರೆ ಕೂತಿರಲು ಆಗದಷ್ಟು ಸದ್ದು. ಕುಟ್ಟಿ ನೋಡಿದೆ, 'ಟಣ್'. ನೆಲದಲ್ಲಿ ಏನೂ ಮಾಡದ ಅದೇ ಡ್ಯಾಂಪಿಂಗ್ ಶೀಟನ್ನು ಇಲ್ಲಿ ಹಾಕಿದೆ, ಅರ್ಧ ಚಾವಣಿಗೆ. ಅದರ ಮೇಲೆ ಕಪ್ಪು ಫೋಮು, ಅದರ ಮೇಲೆ ಬಟ್ಟೆಯ ಲೈನಿಂಗ್. ಅಗಲವಾದ, ತೆಳ್ಳನೆಯ, ಮಡಿಕೆ ಇಲ್ಲದ ತಗಡು ಸಿಕ್ಕರೆ ಆ ಶೀಟಿನ ಮುಂದೆ ಬೇರೆ ಯಾವುದೂ ಇಲ್ಲ. ಈಗ ಜುಲೈ ಮಳೆ ಸುರಿದರೂ ಅಕ್ಕಿ ಸುರಿದಷ್ಟು ಸದ್ದು. ಅಳತೆ 77. ಶುರುವಿನಿಂದ ಹತ್ತು ಡೆಸಿಬಲ್ ಇಳಿದಂತಾಯಿತು. ಕಿವಿಗೆ ಸದ್ದು ಸುಮಾರು ಅರ್ಧ ಆದ ಹಾಗೆ.

ಅಮೆರಿಕದ ಯೂಟಾದಲ್ಲಿರುವ ಚಿಕ್ಕಪ್ಪನ ಮಗ ಸೈಡ್-ಬೈ-ಸೈಡ್ ಇಟ್ಟುಕೊಂಡಿದ್ದಾನೆ. ಅಕ್ಕಪಕ್ಕ ಎರಡು ಸೀಟು, ಸುತ್ತ ಪೈಪಿನ ಪಂಜರ, ಮರಳುಗಾಡಿನಲ್ಲಿ ಓಡಿಸುವಂಥದ್ದು. ನನ್ನ ಪಟ್ಟಿ ಕಳಿಸಿದ್ದೆ. ಅವನ ಗಾಡಿಯಲ್ಲಿ ಎಂಜಿನ್ ಸೀಟಿನ ಬೆನ್ನ ಹಿಂದೆಯೇ, ಜೊತೆಗೆ ಬೆಲ್ಟಿನ ಗೇರ್. ಹಾಗಾಗಿ ನಾನು ಮುಂದಿನ ಗೋಡೆಗೆ ಮಾಡಿದ್ದನ್ನೆಲ್ಲ ಅವನು ಹಿಂದಿನ ಗೋಡೆಗೆ ಮಾಡಬೇಕಾಯಿತು. ಅವನು ಮೊದಲು ಮುಂದಿನ ಗಾಜನ್ನಷ್ಟೇ ಹಾಕಿಸಿದ್ದ. ಗಾಳಿ ನಿಂತಿತು, ಆದರೆ ಗಾಡಿಯ ಹಿಂದಿನ ಧೂಳನ್ನೆಲ್ಲ ಒಳಗೆ ಎಳೆದುಕೊಳ್ಳತೊಡಗಿತು, ಎಂಜಿನ್ ಸದ್ದೂ ಒಳಗೇ ಸುತ್ತತೊಡಗಿತು. ಹಿಂದೆ ಪಾಲಿಕಾರ್ಬೊನೇಟ್ ಹಾಳೆ ಹಾಕಿ, ಕ್ಲ್ಯಾಂಪ್‌ಗಳ ಕೆಳಗೆಲ್ಲ ರಬ್ಬರ್ ಪಟ್ಟಿ ಇಟ್ಟ ಮೇಲೆ ಎರಡೂ ಸರಿಯಾದವು. ಗಾಡಿ ಬೇರೆ, ದೇಶ ಬೇರೆ, ಅವನಿಗೂ ಕೊನೆಗೆ ಕೆಲಸ ಕೊಟ್ಟಿದ್ದು ಸಂದು ಮುಚ್ಚಿದ್ದೇ.

ಟಯರ್ ನಾನು ಬದಲಿಸಿಲ್ಲ. ಮಡ್ ಟಯರ್ ಹಾಕಿದವರ ಗಾಡಿಯಲ್ಲಿ ಕೂತು ಬಂದಿದ್ದೇನೆ, 60 ದಾಟಿದರೆ ದುಂಬಿ ಹೊಕ್ಕ ಹಾಗೆ ಗುಂಯ್ ಅನ್ನುತ್ತದೆ. ತೋಟದೊಳಗೆ ಕೆಸರು ಜಾಸ್ತಿ ಇಲ್ಲದವರು ಆಲ್ ಟೆರೇನ್‌ನಲ್ಲೇ ಇರಿ. ಮಡ್ ಟಯರ್ ಇಟ್ಟುಕೊಂಡು ಒಳಗೆ ಎಷ್ಟು ಶೀಟು ಅಂಟಿಸಿದರೂ ಉಪಯೋಗ ಕಡಿಮೆ.

ಇವತ್ತು ಯಾರಾದರೂ ಐದು ಸಾವಿರ ಇದೆ, ಏನು ಮಾಡಲಿ ಅಂತ ಕೇಳಿದರೆ, ರಾತ್ರಿ ಒಳಗೆ ಲೈಟ್ ಇಟ್ಟು ತೂತು ಹುಡುಕಿ ಮುಚ್ಚಿ, ಉಳಿದ ದುಡ್ಡಲ್ಲಿ ಕೊಟ್ಟಿಗೆ ಮ್ಯಾಟ್ ತನ್ನಿ ಅನ್ನುತ್ತೇನೆ. ಫೋಮು ಮುಂದಿನ ಗೋಡೆಗೆ, ಶೀಟು ಚಾವಣಿಗೆ ಮತ್ತು ಬಾಗಿಲಿಗೆ, ದುಡ್ಡು ಕೂಡಿದ ಹಾಗೆ.

ಹೋದ ತಿಂಗಳು ಅಪ್ಪನ ಜೊತೆ ಮತ್ತೆ ಹಾಸನಕ್ಕೆ ಹೋಗಿದ್ದೆ, ಕಿವಿಯ ಮಿಷನ್ ಸರಿಮಾಡಿಸಲು. ಬಾಳ್ಳುಪೇಟೆ ದಾಟಿದ ಮೇಲೆ ಅವರು ತಿರುಗಿ, 'ಇಂಡಿಕೇಟರ್ ಹಾಕೇ ಇಟ್ಟಿದ್ದೀಯಲ್ಲೋ, ಟಿಕ್ ಟಿಕ್ ಅಂತಿದೆ' ಅಂದರು. ನೋಡಿದರೆ ಹೌದು, ಓವರ್‌ಟೇಕ್ ಮಾಡಿ ಆಫ್ ಮಾಡಿರಲಿಲ್ಲ. ನನಗೇ ಗಮನ ಇರಲಿಲ್ಲ.