ಒಂದೇ ಬಸ್ಸಾ, ಎರಡು ಬಸ್ಸಾ, ದೋಣಿಯಾ? ಅಳಿವೆ ದಾಟುವ ದಾರಿಗಳ ಹೋಲಿಕೆ

ಹೈವೇ ಬಸ್ಸಿನಿಂದ ಕಾಲು ಕೆಳಗಿಡುವಾಗಲೇ ನಮ್ಮೂರಿನ ಮಿನಿ ಬಸ್ಸಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಗಂಟೆ 6:02. ಮುಂದಿನದು 6:30ಕ್ಕೆ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಮನೆಗೂ ಕೆಲಸಕ್ಕೂ ನಡುವೆ ಎಷ್ಟು ದಾರಿ ಇದೆಯೋ ಅಷ್ಟನ್ನೂ ಹಿಡಿದು ನೋಡೋಣ, ಬರೆದಿಡೋಣ ಅಂತ ಅವತ್ತು ಆ ಸ್ಟಾಪಿನಲ್ಲಿ ನಿಂತುಕೊಂಡೇ ತೀರ್ಮಾನ ಮಾಡಿದೆ.

ನನ್ನ ಮನೆ ಕಡಲ ದಂಡೆಯ ಸಣ್ಣ ಊರಿನಲ್ಲಿ. ಕೆಲಸ ಬಂದರು ಇರುವ ಪೇಟೆಯಲ್ಲಿ. ರಾತ್ರಿ ದಂಡೆಯಲ್ಲಿ ನಿಂತರೆ ಬಂದರಿನ ದೀಪಗಳು ಕಾಣಿಸುತ್ತವೆ. ಅಷ್ಟು ಹತ್ತಿರ. ಆದರೆ ನಡುವೆ ಅಳಿವೆ. ಸೇತುವೆ ಇರುವುದು ಒಳನಾಡಿನ ಕಡೆ, ಹೈವೇಯ ಮೇಲೆ. ಹಾಗಾಗಿ ಯಾವ ಬಸ್ಸಾದರೂ ಮೊದಲು ಕಡಲಿಗೆ ಬೆನ್ನು ಹಾಕಿ ಹೋಗಬೇಕು, ಸೇತುವೆ ದಾಟಿ ಮತ್ತೆ ಕಡಲ ಕಡೆ ಬರಬೇಕು. ಕಡಲ ತೀರದ ಊರುಗಳಿಗೆಲ್ಲ ಇದೇ ಪಾಡು. ಊರುಗಳು ಸಾಲಾಗಿ ಕೂತಿರುತ್ತವೆ, ಹೊಳೆಗಳು ಆ ಸಾಲನ್ನು ಅಲ್ಲಲ್ಲಿ ಕತ್ತರಿಸುತ್ತವೆ.

ನೇರ ಬಸ್ಸಿನಿಂದಲೇ ಶುರು ಮಾಡಿದೆ. ತೀರದ ರಸ್ತೆಯಲ್ಲಿ ಗಂಟೆಗೊಂದು. ಹತ್ತಿ ಕೂತರೆ ಪೇಟೆಯಲ್ಲೇ ಇಳಿಯುವುದು. ಸೀಟು ಸಿಗುತ್ತದೆ, ನಿದ್ದೆಯೂ ಆಗುತ್ತದೆ. ವೇಳಾಪಟ್ಟಿ ಪ್ರಕಾರ 85 ನಿಮಿಷ. ನನ್ನ ಪುಸ್ತಕದಲ್ಲಿ ಒಂದೇ ಒಂದು ದಿನ 85 ನಿಮಿಷ ಆಗಿದೆ, ಅದೂ ರಜೆ ದಿನ. ಉಳಿದ ದಿನ ನೂರರ ಆಸುಪಾಸು.

ಯಾಕೆ ಅಂತ ಕಿಟಕಿ ಪಕ್ಕ ಕೂತವರಿಗೆ ಬೇಗ ಗೊತ್ತಾಗುತ್ತದೆ. ಈ ಬಸ್ಸು ನಾಲ್ಕು ಕಡೆ ಮುಖ್ಯ ರಸ್ತೆ ಬಿಟ್ಟು ಕಡಲ ತನಕ ಇಳಿಯುತ್ತದೆ. ಅಲ್ಲಿ ರಸ್ತೆ ಮುಗಿಯುತ್ತದೆ. ಕಂಡಕ್ಟರ್ ಕೆಳಗಿಳಿದು ಬಸ್ಸಿನ ಮೈಗೆ ಪಟಪಟ ಬಡಿಯುತ್ತಾ ಹಿಂದಕ್ಕೆ ಬಿಡಿಸುತ್ತಾರೆ. ಒಂದು ಚಕ್ರ ಮರಳಿನ ಅಂಚಿಗೆ ಬಂದಾಗ ಜೋರಾಗಿ ಎರಡು ಏಟು, ಅಂದರೆ ನಿಲ್ಲಿಸು. ಆಮೇಲೆ ಬಂದ ದಾರಿಯಲ್ಲೇ ವಾಪಸ್. ಒಂದು ಕಡೆ ಇಳಿದವರು ಇಬ್ಬರು, ಹತ್ತಿದವರು ಒಬ್ಬರು. ಬಸ್ಸಿನೊಳಗೆ ನಲವತ್ತು ಜನ ಅದೇ ಎರಡು ಕಿಲೋಮೀಟರನ್ನು ಎರಡೆರಡು ಸಲ ನೋಡಿದೆವು. ಇನ್ನೊಂದು ಕಡೆ ಮೀನು ಇಳಿಸುವ ಧಕ್ಕೆಯ ಬಳಿ ಐಸ್ ಲಾರಿ ಅಡ್ಡ ನಿಂತರೆ ಹತ್ತು ನಿಮಿಷ ಹೋಯಿತು. ದಾರಿ ಉದ್ದ ಇದ್ದಷ್ಟೂ ತಡ ಸೇರಿಸಿಕೊಳ್ಳುವ ಜಾಗ ಜಾಸ್ತಿ.

ಇದಕ್ಕಿಂತ ತಮಾಷೆ ಏನು ಅಂದರೆ, ಮೂರನೇ ಒಳದಾರಿಗೆ ಬಸ್ಸು ಇಳಿಯುವುದು ಆಸ್ಪತ್ರೆಗಾಗಿ. ಆಸ್ಪತ್ರೆ ಅಲ್ಲಿಂದ ಹೈವೇ ಪಕ್ಕಕ್ಕೆ ಹೋಗಿ ಎಷ್ಟೋ ವರ್ಷ ಆಯಿತು. ಸ್ಟಾಪಿನ ಹೆಸರು ಮಾತ್ರ ಹಾಗೇ ಇದೆ, ಬಸ್ಸೂ ಹೋಗಿ ಬರುತ್ತಿದೆ. ಜಪಾನಿನ ಸಾನ್‌ರಿಕು ಕರಾವಳಿಯ ಕಥೆ ಓದಿದಾಗ ಇದೇ ನೆನಪಾಯಿತು. 2011ರ ಸುನಾಮಿಯಲ್ಲಿ ಅಲ್ಲಿನ ರೈಲು ಹಳಿ ಕೊಚ್ಚಿಹೋಯಿತು. ಕೆಸೆನ್ನುಮಾ ಮಾರ್ಗದಲ್ಲಿ 2012ರಲ್ಲೇ, ಓಫುನಾತೊ ಮಾರ್ಗದಲ್ಲಿ 2013ರಲ್ಲಿ ಹಳಿಯ ಬದಲು ಬಸ್ಸು ಬಂತು. ಹಳೇ ಹಳಿಯ ಜಾಗದಲ್ಲಿ ಬಸ್ಸಿಗೇ ಮೀಸಲಾದ ರಸ್ತೆ ಮಾಡಿದರು. ಬಸ್ಸಾದ್ದರಿಂದ ಬೇಕಾದಲ್ಲಿ ಆ ರಸ್ತೆ ಬಿಟ್ಟು ಹೊರಗೂ ಹೋಗಬಹುದು. ಮಿನಾಮಿಸಾನ್‌ರಿಕುವಿನಲ್ಲಿ ಪುರಸಭೆ ಮತ್ತು ಆಸ್ಪತ್ರೆಯ ಮುಂದೆಯೇ ನಿಲ್ದಾಣ ಬಂತು. ಜನ ಎಲ್ಲಿಗೆ ಹೋದರೋ ಸ್ಟಾಪೂ ಅಲ್ಲಿಗೆ ಹೋಯಿತು. ನಮ್ಮದು ಖಾಲಿ ಕಟ್ಟಡಕ್ಕೆ ಸಲಾಂ ಹೊಡೆದು ಬರುತ್ತಿದೆ.

ತೀರದ ರಸ್ತೆಯ ಬಸ್ಸಿಗೆ ಇನ್ನೊಂದು ಕಷ್ಟ ಹುಟ್ಟಿನಿಂದಲೇ ಇದೆ. ಜನ ಸ್ಟಾಪಿಗೆ ಸುಮಾರು 400 ಮೀಟರ್ ನಡೆದು ಬರುತ್ತಾರೆ ಅಂತ ಬಸ್ ಮಾರ್ಗ ಹಾಕುವವರು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಸ್ಟಾಪಿನ ಸುತ್ತ ಅಷ್ಟು ದೊಡ್ಡ ವೃತ್ತ ಎಳೆಯಿರಿ. ಕಡಲ ಪಕ್ಕದ ಸ್ಟಾಪಾದರೆ ಅರ್ಧ ವೃತ್ತ ನೀರಿನಲ್ಲೇ ಇರುತ್ತದೆ. ಮೀನುಗಳು ಬಸ್ಸು ಹತ್ತುವುದಿಲ್ಲ, ಅಲ್ವಾ?

ಆದರೂ ಈ ಬಸ್ಸನ್ನು ಸುಮ್ನೆ ಬೈಯಲು ಆಗುವುದಿಲ್ಲ. ನನ್ನ ಪಕ್ಕ ದಿನಾ ಕೂರುತ್ತಿದ್ದ ಅಜ್ಜಿಯೊಬ್ಬರು ಮೀನಿನ ಬುಟ್ಟಿ ತರುತ್ತಿದ್ದರು. ‘ಹೈವೇ ಕಡೆ ಹೋದರೆ ಬೇಗ ಆಗುತ್ತದಲ್ಲ ಅಜ್ಜಿ?’ ಅಂತ ಕೇಳಿದೆ. ‘ನಿನಗೆ ಬೇಗ ಆಗುತ್ತೆ ಮಗಾ. ನಾನು ಬುಟ್ಟಿ ಎರಡು ಸಲ ಇಳಿಸಿ ಎರಡು ಸಲ ಏರಿಸಬೇಕು. ಎತ್ತಿ ಕೊಡುವವರು ಯಾರು?’ ಅಂದರು. ನನ್ನ ಪುಸ್ತಕದಲ್ಲಿ ಬುಟ್ಟಿಗೆ ಕಾಲಂ ಇರಲಿಲ್ಲ.

ಎರಡನೇ ದಾರಿ, ಮಿನಿ ಬಸ್ಸು ಮತ್ತು ಹೈವೇ ಬಸ್ಸು. ನಾನು ಶುರುವಿನಲ್ಲಿ ನೆನೆದ ಮಳೆ ಇದರದ್ದೇ. ಮನೆಯ ಹತ್ತಿರದಿಂದ ಜಂಕ್ಷನ್‌ಗೆ ಮಿನಿ ಬಸ್ಸಿನಲ್ಲಿ 12 ನಿಮಿಷ, ಅಲ್ಲಿಂದ ಪೇಟೆಗೆ ದೊಡ್ಡ ಬಸ್ಸಿನಲ್ಲಿ 30 ನಿಮಿಷ. ಮಿನಿ ಬಸ್ಸು ಅರ್ಧ ಗಂಟೆಗೊಂದು, ದೊಡ್ಡದು ಕಾಲು ಗಂಟೆಗೊಂದು. ಕೂರುವ ಹೊತ್ತು ಒಟ್ಟು 42 ನಿಮಿಷ. ನೇರ ಬಸ್ಸಿನ ಅರ್ಧ!

ಬೆಳಗ್ಗೆ ಇದು ನಿಜಕ್ಕೂ ಚೆನ್ನ. ಜಂಕ್ಷನ್‌ನಲ್ಲಿ ಇಳಿದು ಹತ್ತು ನಿಮಿಷ ಕಾದ ದಿನಗಳೇ ಕಡಿಮೆ. ಸಂಜೆ ಮಾತ್ರ ಅದೇ ದಾರಿ ಬೇರೆಯೇ ದಾರಿ ಆಗುತ್ತದೆ. ಮೊದಲು ಇದು ನನ್ನ ಅದೃಷ್ಟದ ತಪ್ಪು ಅಂದುಕೊಂಡಿದ್ದೆ. ತಿಂಗಳ ಪುಟಗಳನ್ನು ಎದುರಿಗಿಟ್ಟುಕೊಂಡಾಗ ವಿಷಯ ಹೊಳೆಯಿತು. ಬೆಳಗ್ಗೆ ನಾನು ಅಪರೂಪದ ಬಸ್ಸಿನಿಂದ ಇಳಿದು ಆಗಾಗ ಬರುವ ಬಸ್ಸು ಹತ್ತುತ್ತೇನೆ. ಯಾವಾಗ ಇಳಿದರೂ ಒಂದು ಸಿಗುತ್ತದೆ. ಸಂಜೆ ಆಗಾಗ ಬರುವ ಬಸ್ಸಿನಿಂದ ಇಳಿದು ಅಪರೂಪದ ಬಸ್ಸಿಗೆ ಕೈ ಚಾಚಬೇಕು. ಗೊತ್ತುಗುರಿ ಇಲ್ಲದೆ ಬಂದವರು ಸರಾಸರಿ ಬಸ್ಸುಗಳ ನಡುವಿನ ಅಂತರದ ಅರ್ಧದಷ್ಟು ಹೊತ್ತು ಕಾಯುತ್ತಾರೆ. ಕಾಲು ಗಂಟೆಯ ಬಸ್ಸಿಗೆ ಏಳೆಂಟು ನಿಮಿಷ, ಅರ್ಧ ಗಂಟೆಯದಕ್ಕೆ ಹದಿನೈದು. ಬಸ್ಸುಗಳು ಹೊತ್ತು ತಪ್ಪಿ ಬರುತ್ತಿದ್ದರೆ ಇನ್ನೂ ಜಾಸ್ತಿ.

ನನ್ನ ವಿಷಯದಲ್ಲಿ ಸರಾಸರಿಯೂ ಅಲ್ಲ, ಅದಕ್ಕಿಂತ ಕಡೆ. ಕೆಲಸ ಬಿಟ್ಟು 5:32ರ ದೊಡ್ಡ ಬಸ್ಸು ಹಿಡಿದರೆ ಜಂಕ್ಷನ್‌ಗೆ 6:02. ಮಿನಿ ಬಸ್ಸು ಹೊರಡುವುದು 6:00ಕ್ಕೆ. ಎರಡು ನಿಮಿಷದಲ್ಲಿ ತಪ್ಪಿ 28 ನಿಮಿಷ ಕಾಯುವುದು, ದಿನಾ. ಅಕಸ್ಮಾತ್ ಹೀಗಾಗಿದ್ದಲ್ಲ. ಎರಡು ಬಸ್ಸಿನ ಟೈಮಿಂಗ್ ಹಾಕಿದವರು ಬೇರೆ ಬೇರೆ ಕಚೇರಿಯವರು. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಿಲ್ಲ.

ಕಾಯುವ ಜಾಗದ ಬಗ್ಗೆಯೂ ಸ್ವಲ್ಪ ಹೇಳಬೇಕು. ದೊಡ್ಡ ಬಸ್ಸು ನಿಲ್ಲುವುದು ಜಂಕ್ಷನ್ ದಾಟಿ ಆಚೆ, ಹೈವೇಯ ಇನ್ನೊಂದು ಬದಿಯಲ್ಲಿ. ಅಲ್ಲಿಂದ ಮಿನಿ ಬಸ್ಸಿನ ಸ್ಟಾಪಿಗೆ ನನ್ನ ಹೆಜ್ಜೆಯಲ್ಲಿ 310, ನಡುವೆ ನಾಲ್ಕು ಸಾಲು ವಾಹನ. ಮೂರು ನಿಮಿಷ ಬೇಕು. ಸ್ಟಾಪಿಗೆ ಮಾಡು ಇದೆ, ಆದರೆ ಎತ್ತರ ಜಾಸ್ತಿ, ಗೋಡೆ ಇಲ್ಲ. ಕಡಲ ಗಾಳಿಗೆ ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ಅದನ್ನು ಕಟ್ಟಿದವರು ಅಲ್ಲಿ ಒಂದು ಸಂಜೆ ನಿಂತಿಲ್ಲ ಅಂತ ಪಂದ್ಯ ಕಟ್ಟಬಲ್ಲೆ. ಕಾಯುವ ಒಂದು ನಿಮಿಷ ಬಸ್ಸಿನೊಳಗೆ ಕೂತ ಸುಮಾರು ಎರಡು ನಿಮಿಷದ ಭಾರ ಅಂತ ಸಾರಿಗೆ ಲೆಕ್ಕದವರು ಹಿಡಿಯುತ್ತಾರೆ. ಈ ಸ್ಟಾಪಿನಲ್ಲಿ ಮೂರು ಅಂದರೂ ನಾನು ನಂಬುತ್ತೇನೆ.

ಟಿಕೆಟ್ಟೂ ಎರಡು. ಒಂದೇ ಪ್ರಯಾಣ, ದುಡ್ಡು ಮಾತ್ರ ಎರಡು ಸಲ, ಬಸ್ಸು ಬದಲಿಸಿದ್ದಕ್ಕೆ ದಂಡ ಕಟ್ಟಿದ ಹಾಗೆ. ಲಂಡನ್ನಿನಲ್ಲಿ 2016ರಿಂದ ಒಂದು ಗಂಟೆಯೊಳಗೆ ಎರಡನೇ ಬಸ್ಸು ಹತ್ತಿದರೆ ಮತ್ತೆ ದುಡ್ಡಿಲ್ಲ. 2018ರಿಂದ ಆ ಗಂಟೆಯೊಳಗೆ ಎಷ್ಟು ಬಸ್ಸು ಬೇಕಾದರೂ ಹತ್ತಬಹುದು. ಅಷ್ಟಾದರೆ ಈ ದಾರಿ ಹಿಡಿಯುವವರು ಎಷ್ಟೋ ಜನ.

ಆ ತಿಂಗಳ ಮಧ್ಯದಲ್ಲಿ ಒಂದು ಘಟನೆ ನಡೆಯಿತು. ಸಂಜೆ ಅದೇ ಬಸ್ಸು ತಪ್ಪಿಸಿಕೊಳ್ಳುವ ನಾವು ಆರೇಳು ಜನ ಮಿನಿ ಬಸ್ಸಿನ ಡ್ರೈವರ್ ಹತ್ತಿರ ಮಾತಾಡಿದೆವು. ‘ದೊಡ್ಡ ಬಸ್ಸು ಸೇತುವೆ ಇಳಿಯುವುದು ನನಗೆ ಕನ್ನಡಿಯಲ್ಲೇ ಕಾಣುತ್ತೆ. ಆರೇಳು ನಿಮಿಷ ಆದರೆ ನಿಲ್ಲಿಸ್ತೀನಿ, ಅದಕ್ಕಿಂತ ಜಾಸ್ತಿ ಕೇಳಬೇಡಿ’ ಅಂದರು. ಮಾರನೇ ದಿನದಿಂದ ಬಸ್ಸು 6:07ಕ್ಕೆ ಹೊರಡತೊಡಗಿತು. ನನ್ನ ಪುಸ್ತಕದಲ್ಲಿ 28 ಅಂತ ಇದ್ದ ಜಾಗದಲ್ಲಿ 5 ಬಂತು. ಹೊಸ ಬಸ್ಸು ಬರಲಿಲ್ಲ, ಹೊಸ ರಸ್ತೆ ಬರಲಿಲ್ಲ. ಏಳು ನಿಮಿಷ ಸರಿಸಿದ್ದು ಅಷ್ಟೇ. ಒಳಗೆ ಮೊದಲೇ ಕೂತಿದ್ದ ಮೂವರು ಗೊಣಗಿದರು, ಅದೂ ನ್ಯಾಯವೇ. ಅದಕ್ಕೇ ಕಾಯುವುದಕ್ಕೊಂದು ಮಿತಿ ಬೇಕು.

ಇದನ್ನೇ ಇಡೀ ದೇಶಕ್ಕೆ ಮಾಡಿದವರು ಸ್ವಿಟ್ಜರ್ಲೆಂಡಿನವರು. ಅವರಿಗೆ ಕಡಲೇ ಇಲ್ಲ, ಆದರೂ ಈ ವಿಷಯದಲ್ಲಿ ಅವರನ್ನು ಬಿಟ್ಟು ಮಾತಾಡಲಾಗದು. 1982ರಿಂದ ರೈಲುಗಳು ಪ್ರತಿ ಗಂಟೆ ಅದೇ ನಿಮಿಷಕ್ಕೆ. ದೊಡ್ಡ ನಿಲ್ದಾಣಗಳಿಗೆ ಎಲ್ಲ ಕಡೆಯಿಂದ ಒಂದೇ ಹೊತ್ತಿಗೆ ಬಂದು, ಜನ ಬದಲಿಸಿಕೊಂಡ ಮೇಲೆ ಹೊರಡುತ್ತವೆ. ಹಳ್ಳಿಯ ಹಳದಿ ಬಸ್ಸುಗಳು ರೈಲಿನ ಹೊತ್ತು ನೋಡಿಕೊಂಡು ಓಡುತ್ತವೆ. 2004ರಲ್ಲಿ ಜೂರಿಕ್-ಬರ್ನ್ ಪ್ರಯಾಣವನ್ನು ಒಂದು ಗಂಟೆಗಿಂತ ಸ್ವಲ್ಪ ಕೆಳಗಿಳಿಸಿದ್ದು ಎರಡೂ ಕಡೆ ಮುಂದಿನ ಗಾಡಿ ಸಿಗಲಿ ಅಂತ.

ಇದರ ತಿರುವುಮುರುವು ಮಾಲ್ಟಾ ದ್ವೀಪ. ಅಲ್ಲಿ ಹೆಚ್ಚಿನ ಬಸ್ಸುಗಳು ರಾಜಧಾನಿ ವ್ಯಾಲೆಟ್ಟಾಕ್ಕೇ ಬರುತ್ತಿದ್ದವು. 2011ರ ಜುಲೈನಲ್ಲಿ ಇಡೀ ವ್ಯವಸ್ಥೆಯನ್ನು ಒಮ್ಮೆಲೇ ಬದಲಿಸಿದರು. ನೇರ ಹೋಗುತ್ತಿದ್ದ ಎಷ್ಟೋ ಜನ ನಡುವೆ ಇಳಿದು ಹತ್ತಬೇಕಾಯಿತು. ಬಸ್ಸುಗಳು ತಡವಾದವು, ಜನ ಸಿಟ್ಟಾದರು, ಮಾರ್ಗಗಳನ್ನು ಮತ್ತೆ ತಿದ್ದಬೇಕಾಯಿತು. 2014ರ ಆರಂಭದ ಹೊತ್ತಿಗೆ ಬಸ್ಸು ನಡೆಸುತ್ತಿದ್ದ ಕಂಪನಿಯೇ ಹೊರಟುಹೋಗಿತ್ತು. ಎರಡನೇ ಬಸ್ಸು ನಂಬಿಕೆಗೆ ಅರ್ಹ ಆಗುವ ಮೊದಲೇ ನೇರ ಬಸ್ಸು ಕಿತ್ತುಕೊಂಡರೆ ಯಾರು ಸುಮ್ಮನಿರುತ್ತಾರೆ?

ಮೂರನೆಯದು ದೋಣಿ. ಗಡಿಯಾರ ಒಂದನ್ನೇ ನೋಡಿದರೆ ಇದೇ ಗೆಲ್ಲಬೇಕು. ಜೆಟ್ಟಿಗೆ ಹತ್ತು ನಿಮಿಷ ನಡಿಗೆ, ದಾಟಲು ಎಂಟು, ಆಚೆ ದಡದಿಂದ ಪೇಟೆಗೆ ಬಸ್ಸಿನಲ್ಲಿ ಹದಿನೈದು. ಬೆಳಗಿನ ಹೊತ್ತು ನೀರಿನ ಮೇಲೆ ಕೂತು ಕೆಲಸಕ್ಕೆ ಹೋಗುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಆದರೆ ಇಳಿತದ ಹೊತ್ತಿಗೆ ದೋಣಿ ಮರಳ ದಿಬ್ಬ ಬಳಸಿ ಹೋಗಬೇಕು, ಎಂಟು ನಿಮಿಷ ಹದಿನೈದಾಗುತ್ತದೆ. ಗಾಳಿ ಎದ್ದರೆ ದೋಣಿಯೇ ಇಲ್ಲ. ಕತ್ತಲಾದ ಮೇಲೂ ಇಲ್ಲ. ಕೆಲಸದ 22 ದಿನಗಳಲ್ಲಿ ನನಗೆ ಎರಡೂ ಹೊತ್ತು ಸಿಕ್ಕಿದ್ದು 14 ದಿನ.

ಅತಿ ಹೆಚ್ಚು ಹೊಟ್ಟೆ ಉರಿಯುವುದು ಗಾಳಿಗಲ್ಲ. ಹೊಳೆಯ ನಡುವೆ ಇರುವಾಗ ಆಚೆ ದಡದಲ್ಲಿ ನಮ್ಮ ಬಸ್ಸು ಸ್ಟಾರ್ಟ್ ಆಗುವುದು ಕಾಣುತ್ತದೆ. ಹೊಗೆ ಕಾಣುತ್ತದೆ. ಆಮೇಲೆ ಅದು ಹೊರಡುವುದೂ ಕಾಣುತ್ತದೆ. ದೋಣಿಯವರೂ ನಾವೂ ಕೈ ಬೀಸುತ್ತೇವೆ, ಡ್ರೈವರ್ ಗಡಿಯಾರ ನೋಡುತ್ತಾರೆ. ನಾರ್ವೆಯ ಕಡಲ ಕೊರಕಲುಗಳಲ್ಲಿ ಫೆರ್ರಿಗೆ ಹೊಂದಿಸಿಯೇ ಎಷ್ಟೋ ಬಸ್ಸುಗಳ ವೇಳೆ ಹಾಕುತ್ತಾರೆ. ಕೆಲವು ಕಡೆ ಬಸ್ಸೇ ಫೆರ್ರಿ ಹತ್ತಿ ಆಚೆ ಇಳಿದು ಮುಂದೆ ಹೋಗುತ್ತದೆ. ನಮ್ಮ ದೋಣಿಗೆ ಬಸ್ಸು ಹತ್ತಿಸುವುದು ಬೇಡ, ಬಸ್ಸು ಮೂರು ನಿಮಿಷ ನಿಂತರೆ ಸಾಕು.

ಫೋನಿನಲ್ಲಿ ಕರೆದರೆ ಬರುವ ವ್ಯಾನನ್ನೂ ಎರಡು ವಾರ ನೋಡಿದೆ. ರಾತ್ರಿ ಕೊನೇ ಬಸ್ಸು ಹೋದ ಮೇಲೆ ಅದು ದೇವರು. ಬೆಳಗ್ಗೆ ಎಲ್ಲರೂ ಒಟ್ಟಿಗೆ ಕರೆಯುವ ಹೊತ್ತಿಗೆ ಯಾರಿಗೂ ಇಲ್ಲ.

ಹಾಗಾದರೆ ಯಾವುದು? ನನ್ನ ಮಟ್ಟಿಗೆ ಎರಡು ಬಸ್ಸಿನ ದಾರಿ, ಆದರೆ ಮಿನಿ ಬಸ್ಸು ಕಾಯುವುದಾದರೆ ಮಾತ್ರ. ಕಾಯದಿದ್ದರೆ ಬೆಳಗ್ಗೆ ಅದು, ಸಂಜೆ ಹವಾಮಾನ ಚೆನ್ನಾಗಿದ್ದರೆ ದೋಣಿ. ಬುಟ್ಟಿ, ಚೀಲ, ಪುಟ್ಟ ಮಕ್ಕಳು ಇದ್ದವರಿಗೆ ನೇರ ಬಸ್ಸೇ ಸರಿ.

ನೇರ ಬಸ್ಸಿನ ಒಂದು ಲೆಕ್ಕವನ್ನು ಮಾತ್ರ ಮನಸ್ಸಿನಿಂದ ತೆಗೆಯಲು ಆಗುತ್ತಿಲ್ಲ. ಹೋಗಲು 85, ಬರಲು 85, ಎರಡು ಕೊನೆಯಲ್ಲಿ ಐದೈದು ನಿಮಿಷ. ಒಟ್ಟು ಮೂರು ಗಂಟೆ. ಗಂಟೆಗೊಂದು ಬಿಡಲು ಮೂರು ಬಸ್ಸು ಬೇಕು. ಹನ್ನೆರಡು ನಿಮಿಷದ ಒಳದಾರಿಗೆ ಹೋಗಿಬಂದು ಸುಧಾರಿಸಿಕೊಳ್ಳಲು ಒಂದು ಬಸ್ಸಿಗೆ ಅರ್ಧ ಗಂಟೆ ಸಾಕು. ಅಂದರೆ ಅದೇ ಮೂರು ಬಸ್ಸು ಮೂರು ಒಳದಾರಿಗೆ ಅರ್ಧರ್ಧ ಗಂಟೆಗೆ ಓಡಬಹುದು. ನಮ್ಮ ಕಡೆ ಈಗಾಗಲೇ ಮಿನಿ ಬಸ್ಸು ಇದೆ. ಕಡಲಿಗೆ ಇಳಿಯುವ ನಾಲ್ಕೂ ದಾರಿಗೆ ಅರ್ಧ ಗಂಟೆಗೊಂದು ಬಸ್ಸು! ಹಾಗಂತ ನೇರ ಬಸ್ಸನ್ನು ಪೂರ್ತಿ ತೆಗೆಯಬಾರದು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಇರಲಿ, ಅಜ್ಜಿಯ ಬುಟ್ಟಿಯ ಹೊತ್ತಿಗೆ. ಆ ಹೊತ್ತು ಒಂದು ಒಳದಾರಿಗೆ ಬಸ್ಸು ಕಡಿಮೆಯಾಗುತ್ತದೆ, ಗೊತ್ತು.

ಕಳೆದ ವಾರ ನಮ್ಮ ಮಿನಿ ಬಸ್ಸಿನ ಡ್ರೈವರ್ ಬೇರೆ ಮಾರ್ಗಕ್ಕೆ ಹೋದರು. ಹೊಸಬರಿಗೆ ನಮ್ಮ ಮಾತುಕತೆ ಗೊತ್ತಿಲ್ಲ, ಹಾಳೆಯಲ್ಲಿ 6:00 ಅಂತಿದೆ, 6:00ಕ್ಕೆ ಹೊರಡುತ್ತಾರೆ. ಪುಸ್ತಕದಲ್ಲಿ ಮತ್ತೆ 28 ಬರೆಯುತ್ತಿದ್ದೇನೆ. ಹಾಳೆಯಲ್ಲೇ 6:07 ಮಾಡಿ ಅಂತ ಎರಡೂ ಕಚೇರಿಗೆ ಅರ್ಜಿ ಬರೆದು, ಆ ತಿಂಗಳ ಪುಟಗಳ ಜೆರಾಕ್ಸ್ ಹಚ್ಚಿ ಕೊಟ್ಟಿದ್ದೇವೆ. ಸಹಿ ಹಾಕಿದವರು ಹನ್ನೊಂದು ಜನ. ಅದರಲ್ಲಿ ಇಬ್ಬರು ಅವತ್ತು ಒಳಗೆ ಕೂತು ಗೊಣಗಿದವರು.