ಶಬ್ದ ಹುಡುಕಿಕೊಡಲು 300 ರೂಪಾಯಿ: ದಾವಣಗೆರೆಯ ಒಂದು ಗ್ಯಾರೇಜ್ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಈ ಗ್ಯಾರೇಜಿನಲ್ಲಿ ಒಂದು ನಟ್ಟು ಬದಲಾಯಿಸದಿದ್ದರೂ 300 ರೂಪಾಯಿ ಕೊಡಬೇಕು. ಅದು ಶಬ್ದ ಹುಡುಕುವ ಕೂಲಿ. ರಿಪೇರಿ ಮಾಡಿಸಿದರೆ ಅದರ ಲೇಬರ್ ಬೇರೆ. ಇದನ್ನು ಕೇಳಿಯೇ ವಾಪಸ್ ಹೋಗುವವರಿದ್ದಾರೆ. ನಾನಿದ್ದಾಗಲೇ ಒಬ್ಬರು "ಬರೀ ನೋಡಾಕೆ ಯಾಕ್ರಿ ದುಡ್ಡು?" ಅಂತ ಗಾಡಿ ತಿರುಗಿಸಿಕೊಂಡು ಹೋದರು. ನನ್ನ ಲೆಕ್ಕದಲ್ಲಿ ಇಡೀ ಬಿಲ್ಲಿನಲ್ಲಿ ಸಾರ್ಥಕವಾದ ದುಡ್ಡು ಅಂದರೆ ಆ ಮುನ್ನೂರೇ.

ಗ್ಯಾರೇಜ್ ಇರುವುದು ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ. ಹೆಸರು ಬರೆಯುತ್ತಿಲ್ಲ. ಬರೆಯಲಾ ಅಂತ ಕೇಳಿದ್ದೆ. "ಬ್ಯಾಡ್ರಿ ಮೇಡಂ, ಈಗ್ಲೇ ಗಾಡಿ ನಿಲ್ಸಾಕೆ ಜಾಗ ಇಲ್ಲ" ಅಂದರು ಮೇಸ್ತ್ರಿ. ಆ ಕಡೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ 'ಸೌಂಡ್ ಹುಡುಕೋ ಮೇಸ್ತ್ರಿ' ಅಂದರೆ ಸಾಕು, ದಾರಿ ತೋರಿಸುತ್ತಾರೆ.

ನನ್ನದು 2009ರ ಸ್ವಿಫ್ಟ್, ಪೆಟ್ರೋಲ್. ಅಪ್ಪ ಓಡಿಸುತ್ತಿದ್ದ ಗಾಡಿ. ಅವರಿಗೆ ಕಣ್ಣು ಮಂಜಾದ ಮೇಲೆ ನನ್ನ ಪಾಲಿಗೆ ಬಂತು. ನಾನು ಸಂತೇಬೆನ್ನೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ದಿನಾ ಹೋಗಿ ಬರುವುದು ಇದರಲ್ಲೇ. ದಾರಿ ಹೇಗಿದೆ ಅಂತ ಆ ಕಡೆ ಓಡಾಡುವವರಿಗೆ ಹೇಳಬೇಕಾಗಿಲ್ಲ. ಊರು ಬಂದರೆ ಹಂಪು, ಊರು ದಾಟಿದರೆ ಗುಂಡಿ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ, ಆಗ ಒಂದು ಕಡೆಯ ಚಕ್ರ ಮಣ್ಣಿಗಿಳಿಸಿಯೇ ಹೋಗಬೇಕು. ಇಂಥ ದಾರಿಯಲ್ಲಿ ಹಳೇ ಗಾಡಿಯ ಮುಂಭಾಗ ಸದ್ದು ಮಾಡುವುದು ಹೊಸ ವಿಷಯವಲ್ಲ. ಯಾವ ಸದ್ದು ಯಾವುದರದ್ದು ಅನ್ನುವುದೇ ಕಷ್ಟ.

ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆ ಮುಂದಿನಿಂದ ಕಟಕಟ ಅಂತ ಶುರುವಾಯಿತು. ಅದರ ಜೊತೆ ಆಗೊಮ್ಮೆ ಈಗೊಮ್ಮೆ ಒಂದು 'ದಡ್'. ಮೊದಲು ತೋರಿಸಿದ್ದು ಊರಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ. ಅಲ್ಲಿ ಒಂದು ಕಡೆ ಜಾಕ್ ಕೊಟ್ಟು ಎತ್ತಿದರು, ಚಕ್ರ ಅಲ್ಲಾಡಿಸಿದರು, ಇಳಿಸಿದರು. ಆಮೇಲೆ ಎಸಿ ರೂಮಿಗೆ ಕರೆದು ಒಂದು ಎಸ್ಟಿಮೇಟ್ ಕೈಗಿತ್ತರು. ಎರಡೂ ಶಾಕ್ ಅಬ್ಸರ್ಬರ್, ಮೌಂಟ್, ಎರಡೂ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿರುವ ತೋಳು), ಲೇಬರ್, ಎಲ್ಲಾ ಸೇರಿ 20 ಸಾವಿರದ ಹತ್ತಿರ. ಇಷ್ಟೂ ಹಾಕಿದರೆ ಶಬ್ದ ಹೋಗುತ್ತಾ ಅಂತ ಕೇಳಿದೆ. "ಹೋಗಬೇಕು ಮೇಡಂ" ಅಂದರು. 'ಹೋಗುತ್ತೆ' ಅಲ್ಲ, 'ಹೋಗಬೇಕು'. ಅಲ್ಲಿಂದ ಎದ್ದು ಬಂದೆ.

ಈ ಮೇಸ್ತ್ರಿ ಬಾನೆಟ್ಟು ಎತ್ತಲಿಲ್ಲ, ಜಾಕ್ ತರಲಿಲ್ಲ. ನಾನು "ಎಡಗಡೆಯಿಂದ ಬರುತ್ತೆ" ಅಂತ ಶುರು ಮಾಡಿದೆ. ಕೈ ಅಡ್ಡ ಹಿಡಿದರು. "ಎಲ್ಲಿಂದ ಬರ್ತತಿ ಅಂತ ಹೇಳಬ್ಯಾಡ್ರಿ ಮೇಡಂ. ಯಾವಾಗ ಬರ್ತತಿ ಅಂತ ಹೇಳ್ರಿ."

ಕಾರಣ ಆಮೇಲೆ ಹೇಳಿದರು. ಕಾರಿನ ಮೈ ಪೂರ್ತಿ ತಗಡು. ಒಂದು ಕಡೆಯ ಸದ್ದು ತಗಡಿನಗುಂಟ ಓಡಿ ಇನ್ನೊಂದು ಕಡೆ ಕೇಳಿಸುತ್ತದೆ. ಒಳಗೆ ಕೂತವರು ಬೊಟ್ಟು ಮಾಡಿದ ಜಾಗ ಎಷ್ಟೋ ಸಲ ಸುಳ್ಳು. ಆದರೆ ಯಾವಾಗ ಬರುತ್ತದೆ ಅನ್ನುವುದರಲ್ಲಿ ಮೋಸ ಇರುವುದಿಲ್ಲ.

ಹಾಗಾಗಿ ನನಗೊಂದು ಸಣ್ಣ ಪರೀಕ್ಷೆಯೇ ಆಯಿತು. ಅಡ್ಡ ಹಂಪು ಹತ್ತುವಾಗ ಜಾಸ್ತಿಯೋ, ಕಿತ್ತುಹೋದ ರಸ್ತೆಯಲ್ಲಿ ಜಾಸ್ತಿಯೋ? ಬ್ರೇಕ್ ಮೇಲೆ ಸುಮ್ನೆ ಕಾಲಿಟ್ಟರೆ ಕಟಕಟ ನಿಲ್ಲುತ್ತದೆಯೋ? ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಏನಾದರೂ ಕೇಳುತ್ತದೆಯೋ? ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ಕಟ್ ಮಾಡಿ ಆಕ್ಸಲರೇಟರ್ ಒತ್ತಿದಾಗ? ರಿವರ್ಸ್ ತೆಗೆದು ಬ್ರೇಕ್ ಹಾಕಿದಾಗ?

ಒಂದೊಂದು ಪ್ರಶ್ನೆಗೂ ಹಿಂದೆ ಒಂದೊಂದು ಪಾರ್ಟ್ ಇದೆ. ಬ್ರೇಕ್ ಮುಟ್ಟಿದ ತಕ್ಷಣ ಕಟಕಟ ನಿಂತರೆ ಬ್ರೇಕ್ ಪ್ಯಾಡ್, ಕ್ಯಾಲಿಪರ್ ಪಿನ್ ಕಡೆ ನೋಡಬೇಕು, ಸಸ್ಪೆನ್ಷನ್ ಬಿಚ್ಚುವ ಅಗತ್ಯವೇ ಇಲ್ಲ. ಪೂರ್ತಿ ಕಟ್ ಮಾಡಿ ಎಳೆಯುವಾಗ ಟಕಟಕ ಅಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟಣ್ ಅಂದರೆ ಸ್ಟ್ರಟ್ಟಿನ (ಸ್ಪ್ರಿಂಗೂ ಶಾಕ್ ಅಬ್ಸರ್ಬರೂ ಸೇರಿದ ಕಂಬ) ಮೇಲಿನ ಬೇರಿಂಗ್ ಹಿಡಿದುಕೊಂಡಿರುತ್ತದೆ. ಆಗ ಸ್ಪ್ರಿಂಗ್ ಸುತ್ತಿಕೊಂಡು ಒಮ್ಮೆಲೇ ಬಿಡುತ್ತದೆ. ಸ್ಪ್ರಿಂಗಿನ ಮೇಲೆ ಹುಷಾರಾಗಿ ಕೈ ಇಟ್ಟರೆ ಆ ಜಿಗಿತ ಕೈಗೇ ಗೊತ್ತಾಗುತ್ತದಂತೆ. ನನ್ನ ಗಾಡಿಯಲ್ಲಿ ಇವು ಯಾವುವೂ ಇರಲಿಲ್ಲ. ಕಟಕಟ ಬರುತ್ತಿದ್ದದ್ದು ಕಿತ್ತುಹೋದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ. ಅಡ್ಡ ಹಂಪಿನ ಮೇಲೆ ಹೆಚ್ಚುಕಮ್ಮಿ ಮೌನ. ದಡ್ ಅನ್ನುವುದು ಬ್ರೇಕ್ ಹಾಕಿದಾಗ, ಅದೂ ಒಂದೇ ಸಲ.

"ಎರಡು ಕಾಯಿಲೆ ಅದಾವು. ಒಂದೊಂದೇ ನೋಡೋಣ" ಅಂದರು.

ಇಲ್ಲಿಂದ ಮುಂದಿನದು ನನಗೆ ಬಹಳ ಹಿಡಿಸಿತು. ಅಡ್ಡ ಹಂಪಿನ ಮೇಲೆ ಮುಂದಿನ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ. ಆಗ, ತಿರುವಿನಲ್ಲಿ ಗಾಡಿ ವಾಲದಂತೆ ಎಡಬಲವನ್ನು ಜೋಡಿಸಿರುವ ಸ್ಟೆಬಿಲೈಸರ್ ಬಾರ್‌ಗೆ ಕೆಲಸವೇ ಇಲ್ಲ, ಎರಡೂ ತುದಿ ಒಟ್ಟಿಗೇ ಮೇಲೆ ಹೋಗುತ್ತವೆ. ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಮೇಲಿದ್ದಾಗ ಮಾತ್ರ ಬಾರ್ ತಿರುಚಿಕೊಳ್ಳುತ್ತದೆ. ಆ ಬಾರನ್ನು ಸ್ಟ್ರಟ್ಟಿಗೆ ಕಟ್ಟಿರುವುದು ಲಿಂಕ್ ರಾಡ್, ಗೇಣುದ್ದದ ಕಡ್ಡಿ, ಎರಡೂ ತುದಿಗೆ ಒಂದೊಂದು ಸಣ್ಣ ಬಾಲ್ ಜಾಯಿಂಟ್, ಅಂದರೆ ಎಲ್ಲಾ ಕಡೆ ತಿರುಗುವ ಗುಂಡು ಕೀಲು. ಆ ಜಾಯಿಂಟ್ ಸವೆದಿದ್ದರೆ ಕೆಟ್ಟ ರಸ್ತೆಯಲ್ಲಿ ಒಂದೇ ಸಮ ಕಟಕಟ, ಹಂಪಿನ ಮೇಲೆ ಸುಮ್ಮನೆ. ನನ್ನ ಉತ್ತರ ಕೇಳಿದಾಗಲೇ ಅವರಿಗೆ ಅನುಮಾನ ಅದರ ಮೇಲೆ ಹೋಗಿತ್ತು.

ಹಾಗಾದರೆ ದೊಡ್ಡ ವರ್ಕ್‌ಶಾಪಿನಲ್ಲಿ ಯಾಕೆ ಸಿಗಲಿಲ್ಲ? ಇದಕ್ಕೂ ಉತ್ತರ ಇತ್ತು. ಒಂದೇ ಕಡೆ ಜಾಕ್ ಕೊಟ್ಟು ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಆ ಬಿಗಿಯಲ್ಲಿ ಸವೆದ ಜಾಯಿಂಟೂ ಗಟ್ಟಿಮುಟ್ಟಾಗಿರುವ ಹಾಗೆ ಕಾಣುತ್ತದೆ. ಅದನ್ನು ನೋಡಬೇಕಾದ್ದು ನಾಲ್ಕೂ ಚಕ್ರ ನೆಲದ ಮೇಲಿದ್ದಾಗ.

ಇವರಲ್ಲಿ ಲಿಫ್ಟ್ ಇಲ್ಲ, ಹಳೇ ಕಾಲದ ಪಿಟ್, ಅಂದರೆ ಗಾಡಿಯ ಕೆಳಗೆ ಇಳಿದು ನೋಡುವ ಗುಂಡಿ. ಗಾಡಿಯನ್ನು ಅದರ ಮೇಲೆ ತಂದು ನಿಲ್ಲಿಸಿದರು. ಹುಡುಗ ಮೇಲೆ ನಿಂತು ಗಾಡಿಯನ್ನು ಅತ್ತಿಂದಿತ್ತ ತೂಗಿದ. ಮೇಸ್ತ್ರಿ ಕೆಳಗಿಳಿದು ಲಿಂಕ್ ರಾಡಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಿಂತರು. ಆಮೇಲೆ ನನ್ನನ್ನೂ ಕರೆದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದೆ. ಎಡಗಡೆಯದರ ಮೇಲಿನ ತುದಿ ಮುಟ್ಟಿದೆ. ರಬ್ಬರ್ ಕವರ್ ಹರಿದಿತ್ತು, ಒಳಗಿನ ಗ್ರೀಸ್ ಜಾಗದಲ್ಲಿ ಕೆಂಪು ಕೆಸರು. ಹುಡುಗ ತೂಗಿದಾಗಲೆಲ್ಲ ಬೆರಳಿಗೆ ಟಿಕ್, ಟಿಕ್ ಅಂತ ಬಡಿಯುತ್ತಿತ್ತು. ಬಲಗಡೆಯದು ಮುಟ್ಟಿದರೆ ಏನೂ ಇಲ್ಲ.

ನನಗೆ ಇಷ್ಟು ಸಾಕಾಗಿತ್ತು. ಅವರಿಗೆ ಸಾಲಲಿಲ್ಲ. ಎರಡೂ ಕಡೆಯ ಲಿಂಕ್ ರಾಡ್ ಬಿಚ್ಚಿ ತೆಗೆದರು, ಬಾರ್ ಎಲ್ಲೂ ಬಡಿಯದಂತೆ ತಂತಿ ಕಟ್ಟಿದರು. "ಬರ್ರಿ, ಒಂದು ರೌಂಡ್" ಅಂತ ಹಿಂದಿನ ಮಣ್ಣು ರಸ್ತೆಗೆ ಕರೆದುಕೊಂಡು ಹೋದರು. ಕಟಕಟ ಮಾಯ. ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತಿತ್ತು, ಅದಕ್ಕೇ ನಿಧಾನಕ್ಕೆ ಓಡಿಸಿದರು. ಹೀಗೆ ಬಿಚ್ಚಿಕೊಂಡು ಹೈವೇಗೆ ಹೋಗಬಾರದು ಅಂತ ಹುಡುಗನಿಗೂ ಹೇಳಿದರು, ನನಗೂ ಹೇಳಿದರು. ಹೊಸ ಪಾರ್ಟಿಗೆ ಒಂದು ಪೈಸೆ ಖರ್ಚು ಮಾಡುವ ಮೊದಲೇ ಕಳ್ಳ ಸಿಕ್ಕಿದ್ದ. ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ ಫಲಿತಾಂಶ ನೋಡಿ ಅಂತ ನಾನು ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ಹೇಳುತ್ತೇನೆ. ಇಲ್ಲಿ ಅದನ್ನೇ ಗ್ರೀಸ್ ಕೈಯಲ್ಲಿ ಮಾಡುತ್ತಾರೆ.

ಎರಡನೇ ಕಾಯಿಲೆ ಬೇಗ ಸಿಕ್ಕಿತು. ಹುಡುಗ ಒಳಗೆ ಕೂತು ಗಾಡಿಯನ್ನು ಒಂದಡಿ ಮುಂದೆ, ಒಂದಡಿ ಹಿಂದೆ ಬಿಟ್ಟು ಬ್ರೇಕ್ ಹಾಕಿದ. ಪಕ್ಕದಲ್ಲಿ ಬಗ್ಗಿ ನೋಡಿದರೆ ಎಡಗಡೆಯ ಚಕ್ರವೇ ಹಿಂದಕ್ಕೆ ಸರಿದು ನಿಲ್ಲುತ್ತಿತ್ತು. ಉಂಗುಷ್ಟ ಕಿತ್ತ ಚಪ್ಪಲಿಯಲ್ಲಿ ಕಾಲು ಜಾರುತ್ತದಲ್ಲ, ಹಾಗೆ. ಲೋವರ್ ಆರ್ಮಿನ ಹಿಂದಿನ ಬುಷ್, ಅಂದರೆ ಆರ್ಮನ್ನು ಗಾಡಿಗೆ ಕೂರಿಸುವ ರಬ್ಬರ್, ಒಳಗೇ ಹರಿದಿತ್ತು. ಟಾಮಿ (ಕಬ್ಬಿಣದ ಮೀಟುಗೋಲು) ಹಾಕಿ ಮೀಟಿದಾಗ ಸೀಳು ಬಾಯಿ ಬಿಟ್ಟಿತು. ಬಲಗಡೆಯ ಬುಷ್ ಮೇಲೂ ಬಿರುಕು ಇತ್ತು, ಆದರೆ ಮೀಟಿದಾಗ ತೆರೆಯಲಿಲ್ಲ. ಮೇಲ್ಮೈ ಬಿರುಕು ನೋಡಿ ಬುಷ್ ಬದಲಾಯಿಸುವುದು ದಂಡ ಅಂದರು. ಆದರೂ ಎರಡೂ ಕಡೆ ಒಟ್ಟಿಗೆ ಹಾಕಿಸಿದ್ದು ನಾನೇ, ಇನ್ನೊಮ್ಮೆ ರಜೆ ಹಾಕಿ ಬರಲು ಆಗುವುದಿಲ್ಲ ಅಂತ.

ನಮ್ಮ ಗಾಡಿಯಲ್ಲಿ ಬಾಲ್ ಜಾಯಿಂಟ್ ಲೋವರ್ ಆರ್ಮ್ ಜೊತೆಗೇ ಬರುತ್ತದೆ. ಅದು ಸವೆದಿದ್ದರೆ ಇಡೀ ಆರ್ಮ್ ಹಾಕಬೇಕಿತ್ತು. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿದರು, ಆಮೇಲೆ ಟೈರ್ ಕೆಳಗೆ ಟಾಮಿ ಕೊಟ್ಟು ಎತ್ತಿ ನೋಡಿದರು. ಎಡಬಲ ಹಿಡಿದು ಅಲ್ಲಾಡಿಸಿದ್ದು ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್ ನೋಡಲಿಕ್ಕೆ. ಎರಡೂ ಚೆನ್ನಾಗಿದ್ದವು. ಶಾಕ್ ಅಬ್ಸರ್ಬರ್‌ನಲ್ಲಿ ಆಯಿಲ್ ಸೋರಿಕೆ ಇರಲಿಲ್ಲ. "ಇನ್ನೂ ಓಡ್ತಾವು ಬಿಡ್ರಿ" ಅಂದರು. ದೊಡ್ಡ ವರ್ಕ್‌ಶಾಪಿನ ಎಸ್ಟಿಮೇಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಉಳಿಯಿತು.

ಹೊಸ ಬುಷ್ ಪ್ರೆಸ್ ಮಾಡಿಸಲು ಆರ್ಮನ್ನು ಲೇತ್ ಅಂಗಡಿಗೆ ಕಳಿಸಿದರು. ವಾಪಸ್ ಬಂದ ಮೇಲೆ ಇವರು ಮಾಡಿದ ಒಂದು ಕೆಲಸವನ್ನು ನೀವೂ ನಿಮ್ಮ ಗ್ಯಾರೇಜಿನಲ್ಲಿ ಕೇಳಿ ಮಾಡಿಸಿ. ಬುಷ್‌ನ ಬೋಲ್ಟನ್ನು ಗಾಡಿ ಮೇಲಿದ್ದಾಗ ಸುಮ್ಮನೆ ಕೈಬಿಗಿ ಮಾಡಿಟ್ಟರು. ಚಕ್ರ ನೆಲಕ್ಕಿಳಿದು, ಗಾಡಿಯ ಭಾರ ಪೂರ್ತಿ ಬಿದ್ದ ಮೇಲೆ ಪಿಟ್ಟಿಗಿಳಿದು ಕೊನೆಯ ಟೈಟ್ ಕೊಟ್ಟರು. ಚಕ್ರ ಜೋತಾಡುವಾಗಲೇ ಬಿಗಿದರೆ, ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಹೊಸ ಬುಷ್ ಬಾಳಿಕೆ ಬರಲಿಲ್ಲ ಅಂತ ಕಂಪನಿಯನ್ನು ಬೈಯುವವರು ಇದನ್ನು ಒಮ್ಮೆ ವಿಚಾರಿಸಬೇಕು.

ಎಲ್ಲಾ ಮುಗಿದ ಮೇಲೂ ಒಂದು ಸಣ್ಣ ಕಿರ್ ಕಿರ್ ಉಳಿದಿತ್ತು. ಮೇಸ್ತ್ರಿ ನೀರಿನ ಬಾಟಲಿ ತಂದು ಒಂದೊಂದು ರಬ್ಬರಿಗೂ ಚಿಮುಕಿಸಿ ಗಾಡಿ ಅದುಮಿದರು. ಸ್ಟೆಬಿಲೈಸರ್ ಬಾರ್ ಹಿಡಿದಿರುವ ಬುಷ್‌ಗೆ ನೀರು ಬಿದ್ದಾಗ ಸದ್ದು ನಿಂತಿತು. ನೀರು ಆರಿದರೆ ಮತ್ತೆ ಬರುತ್ತದೆ, ಆದರೆ ಜಾಗ ಗೊತ್ತಾಯಿತಲ್ಲ. 160 ರೂಪಾಯಿಯ ಜೋಡಿ ಬುಷ್ ಹಾಕಿದರು.

ಲೆಕ್ಕ ಹೀಗಿದೆ. ಲಿಂಕ್ ರಾಡ್ ಜೋಡಿ 1,300, ಆರ್ಮಿನ ಬುಷ್‌ಗಳು 900, ಪ್ರೆಸ್ 300, ಬಾರ್ ಬುಷ್ 160, ಲೇಬರ್ 1,200, ಶಬ್ದ ಹುಡುಕಿದ್ದು 300. ಒಟ್ಟು 4,160 ರೂಪಾಯಿ. ಬಿಚ್ಚಿದ ಪಾರ್ಟುಗಳನ್ನು ಕೇಳದೇ ಡಿಕ್ಕಿಯಲ್ಲಿ ಹಾಕಿಕೊಟ್ಟರು. ಸವೆದ ಆ ಲಿಂಕ್ ರಾಡ್ ಈಗ ನಮ್ಮ ಶಾಲೆಯ ಲ್ಯಾಬಿನಲ್ಲಿದೆ.

ಇನ್ನೊಂದು ವಿಷಯ, ಹೆಣ್ಣುಮಕ್ಕಳಿಗೆ ಇದು ಅರ್ಥವಾಗುತ್ತದೆ. ನನ್ನ ಜೊತೆ ತಮ್ಮನೂ ಬಂದಿದ್ದ. ಬೇರೆ ಕಡೆ ಪ್ರಶ್ನೆ ನಾನು ಕೇಳಿದರೂ ಉತ್ತರ ಅವನ ಮುಖ ನೋಡಿ ಹೇಳುತ್ತಾರೆ. ಈ ಮೇಸ್ತ್ರಿ "ಓಡ್ಸಾರು ಯಾರು?" ಅಂತ ಕೇಳಿದರು, ಆಮೇಲೆ ಪೂರ್ತಿ ನನ್ನ ಹತ್ತಿರವೇ ಮಾತಾಡಿದರು. ತಮ್ಮ ಮಂಡಕ್ಕಿ ಮಿರ್ಚಿ ತರಲು ಹೋದ.

ಕೊರತೆಗಳೂ ಇವೆ. ಕೂರಲು ಒಂದು ಹಳೇ ಕಾರಿನ ಸೀಟು, ಅದರ ಮೇಲೂ ಸ್ಪ್ಯಾನರ್. ಶೌಚಾಲಯ ಇಲ್ಲ, ಹೆಂಗಸರು ಇದನ್ನು ಯೋಚಿಸಿಯೇ ಹೋಗಿ. ಫೋನ್ ಎತ್ತುವುದಿಲ್ಲ. ಬಿಲ್ ಅಂದರೆ ಚೀಟಿ. ಸಂಜೆ ಐದಕ್ಕೆ ಅಂದರೆ ಏಳೂವರೆ. ವೀಲ್ ಅಲೈನ್‌ಮೆಂಟ್ ಮಷಿನ್ ಇಲ್ಲ, ಆರ್ಮ್ ಬಿಚ್ಚಿದ ಮೇಲೆ ಅದನ್ನು ಮಾಡಿಸಲೇಬೇಕು, ನಾನು ಬೇರೆ ಕಡೆ 400 ಕೊಟ್ಟೆ. ನೀವೇ ಆನ್‌ಲೈನಿನಲ್ಲಿ ಪಾರ್ಟ್ ತರಿಸಿಕೊಂಡು ಹೋದರೆ ಹಾಕಿಕೊಡುತ್ತಾರೆ, ಆದರೆ ಅದಕ್ಕೆ ಗ್ಯಾರಂಟಿ ಕೇಳಬೇಡಿ. ಅಮಾವಾಸ್ಯೆ ದಿನ ಪೂಜೆ ಮುಗಿಯುವ ತನಕ ಸ್ಪ್ಯಾನರ್ ಮುಟ್ಟುವುದಿಲ್ಲ.

ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ. ಮತ್ತೆ ಡಿಕ್ಕಿ ಪೂರ್ತಿ ಖಾಲಿ ಮಾಡಿಕೊಂಡು ಹೋಗಿ. ನನಗಿಂತ ಮುಂದೆ ಒಬ್ಬರು ಸಸ್ಪೆನ್ಷನ್ ಸದ್ದು ಅಂತ ಗಾಡಿ ತಂದಿದ್ದರು. ಸ್ಟೆಪ್ನಿ ಪಕ್ಕ ಸಡಿಲವಾಗಿ ಬಿದ್ದಿದ್ದ ಜಾಕ್ ಅದು. ಮೇಸ್ತ್ರಿ ಜಾಕನ್ನು ಅದರ ಜಾಗಕ್ಕೆ ಸಿಕ್ಕಿಸಿ, ಒಂದು ರೌಂಡ್ ಓಡಿಸಿ ತೋರಿಸಿ, ಮುನ್ನೂರು ತಗೊಂಡರು.